ಬೋಣಿ ಕೆಡಿಸುವ ಪ್ರತಿಜ್ಞೆ

ರಾಮಮೂರ್ತಿ ನಗರ
2 ಜೂನ್ 2025

ಕಮರ್ಷಿಯಲ್ ಸ್ಟ್ರೀಟ್ ಸಾಮ್ರಾಜ್ಯದ ಅಡ್ಡಗಲ್ಲಿಯ ಅಧೀಶ್ವರಿ, ರೇಷ್ಮೆ ಜಾರ್ಜೆಟ್ ಕಾಟನ್ ಎಂಬ ಮೂರು ಲೋಕಗಳನ್ನೂ ಗೆದ್ದ ಮಹಾಮಾತೆ, ಗಿರಾಕಿ ಮೆಟ್ಟಿಲು ಹತ್ತುವಾಗಲೇ ಅವಳ ನಾದಿನಿಯ ಮದುವೆ ಯಾವ ತಿಂಗಳು ಎಂದು ಬಲ್ಲ ತ್ರಿಕಾಲಜ್ಞಾನಿ, ಶಿವಾಜಿನಗರದ ಕೀರ್ತಿಪತಾಕೆ, ಸದ್ಯಕ್ಕೆ ಬೀದರಿನಲ್ಲಿ ವನವಾಸದಲ್ಲಿರುವ ಹಮೀದಾ ಆಪಾ ಅವರ ದಿವ್ಯ ಸನ್ನಿಧಾನಕ್ಕೆ, ತಮ್ಮ ಕೌಂಟರಿನ ಮಗ್ಗುಲಲ್ಲಿ ನಿಂತು ಸೀರೆ ಮಡಚಲು ಕಲಿತ ಲಿಂಗಸುಗೂರಿನ ಬಸು ಎಂಬ ಅಲ್ಪನು ಟೇಪನ್ನು ಕೊರಳಲ್ಲಿ ಧರಿಸಿ, ಉದ್ದಂಡ ಬಿದ್ದು ಮಾಡಿಕೊಳ್ಳುವ ವಿಜ್ಞಾಪನೆ.

ಫೋನಿರುವಾಗ ಕಾಗದ ಯಾಕೆ ಅಂತ ಕೇಳ್ಬೇಡಿ. 'ಅಖಿಲ ಕರ್ನಾಟಕ ಸ್ಟೂಲ್ ಸಂರಕ್ಷಣಾ ಸಮಿತಿ'ಯ ಅಧ್ಯಕ್ಷ ಅಂತ ದನಿ ಬದಲಾಯಿಸಿ ನಾನು ಫೋನ್ ಮಾಡಿದೆ. ನೀವು ನಂಬಿ ನಿಮ್ಮ ಮಂಡಿ ನೋವೆಲ್ಲ ಹೇಳಿಕೊಂಡ್ರಿ. ಅಧ್ಯಕ್ಷರಿಗೆ ನಗು ತಡೆಯಲಾಗಲಿಲ್ಲ. ನೀವು ಬ್ಲಾಕ್ ಮಾಡಿದ್ರಿ. ನ್ಯಾಯವೇ. ಆದರೆ ಅಂಚೆ ಇಲಾಖೆಗೆ ಬ್ಲಾಕ್ ಬಟನ್ ಇನ್ನೂ ಬಂದಿಲ್ಲ.

ಪ್ರತಿಜ್ಞೆ ಮಾಡುವ ಮುಂಚೆ ಅಪರಾಧವನ್ನು ಗಟ್ಟಿಯಾಗಿ ಓದಬೇಕು, ಅದು ಪದ್ಧತಿ. ಆರೋಪಿ, ನಮ್ಮ ಮಾಲೀಕ ಶ್ರೀಯುತ ಕಿರಣಕುಮಾರ. ಅಪ್ಪ ಕಟ್ಟಿದ ಸೀರೆ ಅಂಗಡಿಗೆ ಎಸಿ ಹಾಕಿಸಿ, ಅಂಗಡಿಯನ್ನೇ ತಾನು ಕಟ್ಟಿದೆ ಅಂದುಕೊಂಡವರು. ಅಪರಾಧ ಒಂದು: ಗಿರಾಕಿ ಮುಂದೆ ಕೂತರೆ ಸೋಮಾರಿ ಲುಕ್ ಬರುತ್ತೆ ಅಂತ ಎಲ್ಲಾ ಕೌಂಟರಿನ ಸ್ಟೂಲ್ ಎತ್ತಿಸಿದ್ದು. ಅಪರಾಧ ಎರಡು: ಮಟಮಟ ಮಧ್ಯಾಹ್ನ, ಗಿರಾಕಿ ಇಲ್ಲದ ಹೊತ್ತು, ಹಮೀದಾ ಆಪಾ ಲೈನಿಂಗ್ ಬಟ್ಟೆಯ ಗಂಟಿನ ಮೇಲೆ ಒಂದು ಗಳಿಗೆ ಕೂತದ್ದಕ್ಕೆ, ಆಗಷ್ಟೇ ಒಳಗೆ ಬಂದ ಇಬ್ಬರು ಹೆಂಗಸರ ಎದುರಿಗೇ, "ಕೂರೋದಾದ್ರೆ ಮನೇಲಿ ಕೂತ್ಕೊಳ್ಳಿ ಆಪಾ, ಅಲ್ಲಿ ಯಾರೂ ಎಬ್ಬಿಸಲ್ಲ" ಅಂದದ್ದು. ನೀವು ಟೇಪು ಕೌಂಟರಿನ ಮೇಲಿಟ್ಟು ಹೊರಟುಹೋದ್ರಿ. ನಾನು ಆಗ ಏಣಿ ಮೇಲಿದ್ದೆ, ಕೈಯಲ್ಲಿ ಮೈಸೂರು ಸಿಲ್ಕ್. ಇಳಿದು ಬರಲಿಲ್ಲ. ಆ ಏಣಿ ಈಗಲೂ ಕನಸಿಗೆ ಬರುತ್ತೆ.

ಆದ್ದರಿಂದ ಕೇಳಿ. ಕಿರಣಕುಮಾರ ಕಂಪ್ಯೂಟರ್ ನಂಬ್ತಾರೆ, ಬ್ಯಾಂಕ್ ನಂಬ್ತಾರೆ, ಎಲ್ಲಕ್ಕಿಂತ ಹೆಚ್ಚಾಗಿ ಬೋಣಿ ನಂಬ್ತಾರೆ. ದಿನದ ಮೊದಲ ಗಿರಾಕಿ ಬರಿಗೈಲಿ ಹೋದರೆ ಆ ಇಡೀ ದಿನ ಹಾಳು ಅಂತ ಅವರ ಲೆಕ್ಕ. ಬೋಣಿ ಆಗುವ ತನಕ ಕ್ಯೂಆರ್ ಬೋರ್ಡನ್ನ ಗೋಡೆಗೆ ಮುಖ ಮಾಡಿ ಇಡ್ತಾರೆ. ಮೊದಲ ದುಡ್ಡು ನೋಟಾಗೇ ಕೈಗೆ ಬರಬೇಕು. ಅದನ್ನು ಕಣ್ಣಿಗೊತ್ತಿ, ಕತ್ತರಿಗೆ ಮುಟ್ಟಿಸಿ, ಆಮೇಲೇ ಬೋರ್ಡ್ ಈ ಕಡೆ ತಿರುಗೋದು. ಅಲ್ಲಿಗೇ ಹೊಡೀತೀನಿ. ನಮ್ಮ ವಠಾರದಿಂದ ದಿನಕ್ಕೊಬ್ಬರನ್ನು ಮೊದಲ ಗಿರಾಕಿಯಾಗಿ ಕಳಿಸ್ತೀನಿ. ಅಂಗಡಿಯೆಲ್ಲ ಬಿಚ್ಚಿಸಿ ನೋಡಿ, "ಮತ್ತೆ ಬರ್ತೀವಿ" ಅಂತ ಎದ್ದು ಬರ್ತಾರೆ. ಆ ಮನುಷ್ಯ ತಾನಾಗೇ ಸ್ಟೂಲ್ ಹೊತ್ಕೊಂಡು ಬಂದು "ಕೂತ್ಕೊಳ್ಳಿ ಆಪಾ" ಅನ್ನುವ ತನಕ ನಾನು ಬಿಡಲ್ಲ.

ಬಾಗಿಲ ಹತ್ತಿರದ ನಿಮ್ಮ ಕೌಂಟರಿಗೆ ಈಗ ನನ್ನನ್ನೇ ನಿಲ್ಲಿಸಿದ್ದಾರೆ. ಗೂಢಚಾರನಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ತಮ್ಮ ಪಾದಧೂಳಿ,
ಬಸು


ಬೀದರ್
9 ಜೂನ್ 2025

ಬಸು ಬೇಟಾ,

ಕಾಗದ ಸಿಕ್ತು. ಮೊದಲ ಅರ್ಧ ಪುಟ ಬರೀ ನನ್ನ ಬಿರುದು. ತಂಗಿ ಜಹನಾರಾ ಓದಿ, "ಇದು ಯಾವ ಮಠದಿಂದ ಬಂತು?" ಅಂತ ಕೇಳಿದಳು.

ಬೋಣಿ ಕೆಡಿಸೋ ಮಾತು ಬಿಟ್ಟುಬಿಡು. ಅನ್ನದ ಜಾಗ ಅದು. ನಾನು ಹೋದೆ ಅಂತ ನೀನೂ ಹೋಗೋ ದಾರಿ ಹುಡುಕಬೇಡ. ಇನ್ನೊಂದು ಅಂಗಡಿಯ ಮೊದಲ ಸಂಬಳ ಕೈಗೆ ಬರೋವರೆಗೂ ಈ ಅಂಗಡಿ ಬಿಡ್ತೀನಿ ಅಂತ ಗೋಡೆಗೂ ಹೇಳಬಾರದು. ನಾನು ಟೇಪು ಇಟ್ಟು ಬಂದದ್ದನ್ನ ಜನ ಶೌರ್ಯ ಅಂದರು. ಬಸ್ಸಲ್ಲಿ ಕೂತಮೇಲೆ ಗೊತ್ತಾಯ್ತು, ಕೆಲಸ ಬಿಡೋದು ಒಂದು ನಿಮಿಷದ ಮಾತು, ಬಿಟ್ಟಮೇಲೆ ದಿನ ಬಹಳ ಉದ್ದ.

ನನ್ನ ಕೌಂಟರಿಗೆ ನಿಂತಿದೀಯ ಅಂದೆ. ಹಾಗಾದರೆ ಕೇಳು. ಚಪ್ಪಲಿ ಬೇಡ, ಶೂ ತಗೋ, ಅದೂ ಒಂದು ಸೈಜ್ ದೊಡ್ಡದು. ಸಾಯಂಕಾಲಕ್ಕೆ ಪಾದ ಊದುತ್ತೆ. ಗಿರಾಕಿ ಬಾಯಿ ಏನು ಹೇಳುತ್ತೆ ಅಂತ ಕೇಳಬೇಡ, ಕೈ ಯಾವ ಸೀರೆಗೆ ಎರಡನೇ ಸಲ ಹೋಗುತ್ತೆ ನೋಡು, ಅದೇ ಅವಳ ಸೀರೆ. "ಇಲ್ಲ" ಅನ್ನಬೇಡ, "ಒಂದ್ನಿಮಿಷ" ಅನ್ನು. ಎದ್ದು ಹೊರಟವರಿಗೆ ಸೀರೆ ತೋರಿಸಬೇಡ, ಲೈನಿಂಗ್ ಕೇಳು. ಸೀರೆ ಬೇಡ ಅಂದವರೂ ಲೈನಿಂಗಿಗೆ ನಿಲ್ತಾರೆ. ಇಷ್ಟು ಕೈಗೆ ಹತ್ತಿದರೆ ನಿನ್ನನ್ನ ಯಾರೂ ಏನೂ ಮಾಡಕ್ಕಾಗಲ್ಲ.

ನಾನು ಚೆನ್ನಾಗಿದೀನಿ. ಜಹನಾರಾಳ ಸ್ಕೂಲ್ ಯೂನಿಫಾರ್ಮ್ ಹೊಲಿಗೆ ಅಂಗಡೀಲಿ ಗುಂಡಿ ಎಣಿಸಿ ಕವರಿಗೆ ಹಾಕ್ತೀನಿ. ಕುರ್ಚಿ ಇದೆ. ಇಡೀ ದಿನ ಕೂರಬಹುದು. ಯಾರೂ ಎಬ್ಬಿಸಲ್ಲ.

ದುವಾ,
ಹಮೀದಾ

ನನ್ನ ಸ್ಟೂಲು ಎಲ್ಲಿ ಬಿಸಾಕಿದಾನೆ?


ರಾಮಮೂರ್ತಿ ನಗರ
17 ಜೂನ್ 2025

ಗುಂಡಿಗಳ ಗಣತಿಯಲ್ಲಿ ಲೀನರಾಗಿರುವ ಮಹಾಮಾತೆಗೆ,

ಯುದ್ಧಭೂಮಿಯಿಂದ ಮೊದಲ ವರದಿ. ನಿಮ್ಮ ಸ್ಟೂಲು ಗೋಡೌನಿನಲ್ಲಿ, ಹಳೇ ಮ್ಯಾನಿಕಿನ್ ಹಿಂದೆ, ತಲೆಕೆಳಗಾಗಿ ಸೆರೆಯಲ್ಲಿದೆ. ಕಾಲು ನಾಲ್ಕೂ ಕ್ಷೇಮ.

ಶುಕ್ರವಾರ ಬೆಳಗ್ಗೆ ಪಕ್ಕದ ರೂಮಿನ ಈರೇಶನನ್ನು ಕಳಿಸಿದೆ. ಕ್ಯಾಬ್ ಓಡಿಸೋನು, ಹೆಂಡತಿ ಸುಜಾತಾಗೆ ಮದುವೆ ಆದಾಗಿನಿಂದ ಒಂದು ಸೀರೆ ಕೊಡಿಸಿಲ್ಲ ಅನ್ನುವ ಖ್ಯಾತಿ ಇರುವವನು. ಬರಿಗೈಲಿ ಹೋಗೋದರಲ್ಲಿ ಇವನಷ್ಟು ಅನುಭವಿ ನಮ್ಮ ವಠಾರದಲ್ಲಿ ಇನ್ನೊಬ್ಬನಿಲ್ಲ. ಹಿಂದಿನ ದಿನವೇ ಹೇಳಿಕೊಟ್ಟಿದ್ದೆ, "ಮಗಾ, ನಾನು ಏನೇ ತೋರಿಸಲಿ, ಮುಖ ಹುಳಿ ಮಾಡ್ಕೊಂಡು ಕೂತಿರು."

"ಅದು ನನ್ ಮಾಮೂಲಿ ಮುಖಾನೇ ಗುರು" ಅಂದ.

ಬಂದ. ಕೂತ. ನಾನು ಬಿಚ್ಚಿದೆ, ಆಪಾ. ಸೀರೆಯ ಮೇಲೆ ಸೀರೆ. ಹಸಿರು ಬಿಚ್ಚಿದೆ, ನೇರಳೆ ಬಿಚ್ಚಿದೆ, ಕೊನೆಗೆ ಈರುಳ್ಳಿ ಸಿಪ್ಪೆ ಬಣ್ಣದ್ದೊಂದು ಬಿಚ್ಚಿದೆ. ಕಿರಣಕುಮಾರ ಗಲ್ಲಾದಿಂದ ಕತ್ತು ಚಾಚಿ ನೋಡ್ತಾ ಇದ್ದರು. ಈರೇಶ ಮೆಟ್ಟಿಲಿಳಿದು ಹೋದಮೇಲೆ ಅವರನ್ನ ನೀವು ನೋಡಬೇಕಿತ್ತು. ಎರಡೂ ಕೈ ಮುಖಕ್ಕೆ ಒತ್ತಿಕೊಂಡು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸ್ತಾ ನಿಂತುಬಿಟ್ಟರು.

ಆ ದಿನ ಸುಜಾತಾ ಇಡೀ ವಠಾರಕ್ಕೆ ಹೋಳಿಗೆ ಹಾಕಿದಳು. ಯಾಕೋ ಬಹಳ ಖುಷಿಯಲ್ಲಿದ್ದಳು.

ನಿಮ್ಮ ಸೇನಾಪತಿ,
ಬಸು


ಬೀದರ್
23 ಜೂನ್ 2025

ಬಸು,

ಬೇಡ ಅಂದಿದ್ದೆ. ಆದರೂ ಮಾಡಿದೆ.

ನಿಜ ಹೇಳ್ತೀನಿ. ಆ ಕಾಗದ ಎರಡು ಸಲ ಓದಿದೆ. ಅವನು ಮುಖ ಮುಚ್ಚಿಕೊಂಡ ಜಾಗಕ್ಕೆ ಬಂದಾಗ ಗುಂಡಿ ಎಣಿಸೋದು ತಪ್ಪಿ ಹೋಯ್ತು. ಮೊದಲಿಂದ ಎಣಿಸಿದೆ. ಬೇಜಾರಾಗಲಿಲ್ಲ.

ಆದರೆ ನಿನ್ನ ಕೆಲಸ ಕಚ್ಚಾ. ಗಂಡಸನ್ನ ಯಾಕೆ ಕಳಿಸ್ತೀಯ? ಒಬ್ಬನೇ ಬಂದ ಗಂಡಸು ಅವಸರಕ್ಕೆ ಏನಾದರೂ ತಗೊಂಡೇಬಿಡ್ತಾನೆ, ಅಪಾಯ. ಚೌಕಾಸಿ ಮಾಡೋರನ್ನೂ ಕಳಿಸಬೇಡ, ಬೋಣಿಗೋಸ್ಕರ ಅವನು ಅಸಲಿಗಿಂತ ಕೆಳಗೂ ಇಳೀತಾನೆ. ದರ ಕೇಳದೇ ಇರೋರನ್ನ ಕಳಿಸು. ವಯಸ್ಸಾದ ಹೆಂಗಸು, ನಿಧಾನ ಇರೋಳು. ಪ್ರತಿ ಸೀರೆಯನ್ನೂ "ಚೆನ್ನಾಗಿದೆ" ಅನ್ನಬೇಕು. ಚೆನ್ನಾಗಿದೆ ಅಂದಷ್ಟೂ ಮಾಲೀಕನಿಗೆ ಆಸೆ ಏರುತ್ತೆ. ಒಂದನ್ನ ಹೆಗಲ ಮೇಲೆ ಹಾಕಿಸಿಕೊಂಡು ಕನ್ನಡಿ ಮುಂದೆ ನಿಲ್ಲಬೇಕು. ಪ್ಯಾಕ್ ಮಾಡಕ್ಕೆ ಕವರ್ ತೆಗೆದಾಗ, ಆಗ, "ಮಗಳನ್ನ ಕರ್ಕೊಂಡು ಬರ್ತೀನಪ್ಪ" ಅಂತ ಏಳಬೇಕು. ಅದು ಎದೆಗೆ ಹೊಡೆಯುತ್ತೆ. ನನಗೆ ಹೊಡೆದಿದೆ, ಅದಕ್ಕೇ ಗೊತ್ತು.

ಇನ್ನೊಂದು. ನೀನು ಎಲ್ಲಾ ಬರೆದೆ, ಮುಖ್ಯವಾದದ್ದು ಬರೀಲಿಲ್ಲ. ಆ ದಿನ ಕ್ಯೂಆರ್ ಬೋರ್ಡ್ ಎಷ್ಟು ಹೊತ್ತಿಗೆ ತಿರುಗಿತು?

ಹಮೀದಾ


ರಾಮಮೂರ್ತಿ ನಗರ
11 ಜುಲೈ 2025

ಪೂಜ್ಯ ಆಪಾ,

ಉತ್ತರ ತಡವಾಯ್ತು. ಆಷಾಢದ ಸೇಲ್, ಕೆಲಸ ಜಾಸ್ತಿ.

ತಮ್ಮ ಯುದ್ಧಶಾಸ್ತ್ರವನ್ನು ಶಿರಸಾವಹಿಸಿ, ನಮ್ಮ ಮನೆ ಓನರ್ ಅಯ್ಯಮ್ಮನವರನ್ನು ಕಳಿಸಿದೆ. ವಯಸ್ಸು, ನಿಧಾನ, ಎರಡೂ ಧಾರಾಳವಾಗಿ ಇರುವವರು. ಒಪ್ಪಿಸೋಕೆ ಒಂದು ವಾರ ಹಿಡಿಯಿತು. "ಸುಳ್ಳು ಹೇಳಕ್ಕೆ ಅಷ್ಟು ದೂರ ಬಸ್ಸಲ್ಲಿ ಹೋಗ್ಬೇಕಾ, ಇಲ್ಲೇ ಹೇಳ್ತೀನಿ ಬಿಡು" ಅಂದರು. ಕೊನೆಗೆ ಬಂದರು. ಎಲ್ಲಕ್ಕೂ "ಚೆನ್ನಾಗಿದೆ" ಅಂದರು. ಕನ್ನಡಿ ಮುಂದೆ ನಿಂತರು. ಅವರ ಕೈ ಎರಡನೇ ಸಲ ಹೋದದ್ದು ಒಂದು ಜೇನುಬಣ್ಣದ ಇಳಕಲ್ ಕಡೆಗೆ. ನಾನು ನೋಡಿದೆ. ನೋಡಬಾರದಿತ್ತು.

ಮಗಳ ಮಾತನ್ನು ಬಹಳ ಚೆನ್ನಾಗಿ ಹೇಳಿದರು. ಅವರಿಗೆ ಮಗಳಿಲ್ಲ, ಆದರೂ ಕಣ್ಣಲ್ಲಿ ನೀರು ಬಂತು. ನನಗೂ ಬಂತು. ಕಿರಣಕುಮಾರ ಆ ದಿನ ನನ್ನನ್ನ ಗಲ್ಲಾ ಹತ್ತಿರ ಕರೆದು, ಬಹಳ ಹೊತ್ತು ನನ್ನ ಮುಖವನ್ನೇ ನೋಡಿ, "ಬಸು, ನಿನ್ನ ವಿಷಯದಲ್ಲಿ ನಾನೊಂದು ತೀರ್ಮಾನಕ್ಕೆ ಬರಬೇಕು" ಅಂದರು. ನಾನು ಸೀದಾ ಏಣಿ ಹತ್ತಿಬಿಟ್ಟೆ.

ನೀವು ಹೇಳಿದ ಹಾಗೆ ಶೂ ತಗೊಂಡೆ, ಒಂದು ಸೈಜ್ ದೊಡ್ಡದು. ಒಳ್ಳೇ ಕಂಪನಿದು.

ಆಪಾ, ಸೇಡು ಅನ್ನೋದು ನಿಧಾನವಾಗಿ ಬೇಯುವ ಪದಾರ್ಥ ಅಂತಾರೆ. ಸ್ವಲ್ಪ ದಿನ ಒಲೆ ಮೇಲೇ ಬಿಡೋಣವಾ?

ಬಸು


ಬೀದರ್
16 ಜುಲೈ 2025

ಬಸು,

ಒಲೆ ಮೇಲೆ ಬಿಡೋ ಮಾತು ಇಲ್ಲ. ನಿನಗೆ ಭಯ ಹತ್ತಿದೆ. "ತೀರ್ಮಾನಕ್ಕೆ ಬರಬೇಕು" ಅಂದ ಅಂದರೆ ಅವನಿಗೆ ನಿನ್ನ ಮೇಲೆ ಅನುಮಾನ ಬಂದಿದೆ. ಅವನು ನಿನ್ನನ್ನ ತೆಗೆಯೋ ಮುಂಚೆ ನಾನು ಹೊಡೀತೀನಿ.

ನಿನಗೆ ಹೇಳದೇ ಇದ್ದದ್ದು ಒಂದಿದೆ. ನಾನು ಇಲ್ಲಿ ಚೆನ್ನಾಗಿಲ್ಲ. ಜಹನಾರಾ ಒಳ್ಳೆಯವಳೇ, ಅನ್ನ ಹಾಕ್ತಾಳೆ, ಬೆನ್ನಿಗೆ ದಿಂಬು ಇಡ್ತಾಳೆ. ಆದರೆ ನನಗೆ ಮಾತಾಡೋಕೆ ಗಿರಾಕಿ ಇಲ್ಲ. ಯೂನಿಫಾರ್ಮ್ ತಗೊಳ್ಳೋರಿಗೆ ಯಾವ ಬಣ್ಣ ಅಂತ ಕೇಳೋ ಹಾಗಿಲ್ಲ, ಎಲ್ಲಾ ನೀಲಿ. ಮೊನ್ನೆ ಯಾರೋ ಒಬ್ಬಳು ಕೆಂಪು ದುಪಟ್ಟಾ ಹಾಕ್ಕೊಂಡು ಬಂದಳು, ನಾನು ಎದ್ದು ಹೋಗಿ ಅವಳ ಸೆರಗು ಮುಟ್ಟಿ ನೋಡಿದೆ. ಹುಚ್ಚಿ ಅಂದುಕೊಂಡಳೋ ಏನೋ. ಈ ಕುರ್ಚಿ ಮೇಲೆ ಕೂತಾಗಲೆಲ್ಲ ಅವನ ಮಾತೇ ಕೇಳುತ್ತೆ. ಮನೇಲಿ ಕೂತ್ಕೊಳ್ಳಿ ಆಪಾ. ಕೂತಿದೀನಿ ನೋಡಪ್ಪ.

ಅದಕ್ಕೇ ನಿರ್ಧಾರ ಮಾಡಿದೀನಿ. ಇಪ್ಪತ್ತೈದನೇ ತಾರೀಕು ಶುಕ್ರವಾರ, ಅಂಗಡಿ ತೆಗೆದ ಮೇಲೆ ಅವನಿಗೆ ಫೋನ್ ಮಾಡ್ತೀನಿ. ಶ್ರಾವಣ ಹುಟ್ಟೋ ದಿನ, ಬೋಣಿ ಹೋದರೆ ಅವನ ಜೀವವೇ ಹೋಗುತ್ತೆ. ಹೇಳ್ತೀನಿ: ನಿನ್ನ ಹೊಸ್ತಿಲಿಗೆ ತಾಗಿರೋದು ನನ್ನ ನಿಟ್ಟುಸಿರು. ತೆಗೀಬೇಕು ಅಂದರೆ ನನ್ನನ್ನ ವಾಪಸ್ ಕರೆಯಬೇಕು. ಬರೀ ನನಗಲ್ಲ, ಪ್ರತಿ ಕೌಂಟರಿಗೂ ಸ್ಟೂಲ್ ಹಾಕಿಸಬೇಕು. ಜಹನಾರಾಗೆ ಹೇಳಿಯೂ ಆಯ್ತು. ನನ್ನ ಜಾಗಕ್ಕೆ ಆಬಿದಾ ಅಂತ ಒಬ್ಬಳನ್ನ ಗೊತ್ತು ಮಾಡಿದಾಳೆ. ಇನ್ನು ನನಗೆ ಇಲ್ಲಿ ಕುರ್ಚಿಯೂ ಇಲ್ಲ.

ಆ ಬೆಳಗ್ಗೆ ಬೋಣಿ ಕೆಡಲೇಬೇಕು. ನಿನ್ನ ಮೇಲೆ ನಂಬಿಕೆ ಇಟ್ಟು ಸೇತುವೆ ಸುಟ್ಟಿದೀನಿ.

ಬೋರ್ಡ್ ವಿಷಯ ಮತ್ತೆ ಬರೀಲಿಲ್ಲ ನೀನು.

ಹಮೀದಾ


ರಾಮಮೂರ್ತಿ ನಗರ
22 ಜುಲೈ 2025
ಸ್ಪೀಡ್ ಪೋಸ್ಟ್

ಆಪಾ,

ಫೋನ್ ಮಾಡ್ಬೇಡಿ. ಬಿರುದು ಬಾವಲಿ ಬರೆಯೋಕೂ ಟೈಮಿಲ್ಲ. ನಿಮ್ಮ ನಂಬರಿಗೆ ಹೋಗ್ತಿಲ್ಲ, ನೀವು ಇನ್ನೂ ಬ್ಲಾಕ್ ತೆಗೆದಿಲ್ಲ. ಈರೇಶನ ಫೋನಿಂದ ಮಾಡಿದೆ, ಅದನ್ನೂ ಎತ್ತಲಿಲ್ಲ. ಸಮಿತಿಯ ಅಧ್ಯಕ್ಷ ಅಂದುಕೊಂಡಿರಬೇಕು.

ದಯವಿಟ್ಟು ತಡೀರಿ. ಯಾಕೆ ಅಂತ ಮುಂದೆ ಹೇಳ್ತೀನಿ. ಆಬಿದಾಳನ್ನ ವಾಪಸ್ ಕಳಿಸಿ.

ಬಸು


ಬೀದರ್
26 ಜುಲೈ 2025

ಸೇನಾಪತಿಗೆ,

ನಿನ್ನ ಸ್ಪೀಡ್ ಪೋಸ್ಟ್ ಇವತ್ತು ಮಧ್ಯಾಹ್ನ ಬಂತು. ಫೋನ್ ಮಾಡಿದ್ದು ನಿನ್ನೆ. ಅಲ್ಲಾಹ್ ದೊಡ್ಡವನು, ಅಂಚೆಯವನು ನಿಧಾನಸ್ಥ.

ನಡೆದದ್ದು ಕೇಳು. ಎತ್ತಿದ ತಕ್ಷಣ ನಾನು ಸಲಾಂ ಕೂಡ ಹೇಳಲಿಲ್ಲ. "ನಿಮ್ಮ ಬೋಣಿ ಹೇಗೆ ನಡೀತಿದೆ ಅಂತ ನನಗೆ ಗೊತ್ತು" ಅಂದೆ.

ಸಣ್ಣ ದನಿಯಲ್ಲಿ, "ಬಸು ಹೇಳಿದ್ನಾ ಆಪಾ?" ಅಂದ. ಆ ದನಿ ಕೇಳಬೇಕಿತ್ತು ನೀನು. ಪೂರಾ ಸೋತ ದನಿ.

"ಯಾರು ಹೇಳಿದರೇನು. ಅದು ಯಾರ ದೆಸೆಯಿಂದ ಅಂತಾನೂ ನನಗೆ ಗೊತ್ತು" ಅಂದೆ.

"ನನಗೂ ಗೊತ್ತು ಆಪಾ. ನಿಮ್ಮ ದೆಸೆಯಿಂದಾನೇ" ಅಂದ.

ಒಪ್ಪಿಕೊಂಡ, ಬಸು. ಅವನ ಬಾಯಿಂದಾನೇ. ನಿಟ್ಟುಸಿರಿನ ಮಾತು ಎತ್ತೋ ಅಗತ್ಯವೇ ಬೀಳಲಿಲ್ಲ. ಆಮೇಲೆ ನನ್ನ ಷರತ್ತು ಹೇಳಿದೆ. ಎಲ್ಲಾ ಕೌಂಟರಿಗೂ ಸ್ಟೂಲ್. "ಹಾಕಿಸ್ತೀನಿ, ನೀವು ಕೂತ್ಕೊಂಡೇ ಮಾಡಿ" ಅಂದ. ಕೊನೆಗೆ, "ಬಸೂಗೆ ಕಲಿಸಿದ ಹಾಗೆ ಇನ್ನಿಬ್ಬರಿಗೆ ಕಲಿಸಿಬಿಡಿ ಸಾಕು" ಅಂತ ಏನೋ ಸೇರಿಸಿದ. ಅದು ಮುಖ ಉಳಿಸಿಕೊಳ್ಳೋ ಮಾತು, ನಾನು ಹೋಗಲಿ ಅಂತ ಬಿಟ್ಟೆ. ಗೆದ್ದವರು ಅಷ್ಟು ಬಿಡಬೇಕು.

ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ, ಸೋಮವಾರ ನಾಲ್ಕನೇ ತಾರೀಕು ಅಂಗಡಿಗೆ ಬರ್ತೀನಿ. ಮೊದಲ ಕಾಗದದಲ್ಲಿ ಸೇಡು ಕೆಟ್ಟದ್ದು ಅಂತ ನಿನಗೆ ಬುದ್ಧಿ ಹೇಳಿದೆ. ವಾಪಸ್ ತಗೊಳ್ತೀನಿ. ರುಚಿಯಾಗಿದೆ. ನಿನ್ನೆಯಿಂದ ಮಂಡಿ ನೋವೂ ಇಲ್ಲ.

ಬ್ಲಾಕ್ ತೆಗೆದಿದೀನಿ. ಆದರೂ ಬಿರುದು ಹಾಕಿ ಒಂದು ಕಾಗದ ಬರಿ, ಜಹನಾರಾಗೆ ಓದಿ ತೋರಿಸಿ ಹೊರಡಬೇಕು.

ಹಮೀದಾ


ರಾಮಮೂರ್ತಿ ನಗರ
30 ಜುಲೈ 2025

ಬೀದರ್ ವನವಾಸ ಮುಗಿಸಿ ಪಟ್ಟಾಭಿಷೇಕಕ್ಕೆ ಹೊರಟಿರುವ, ಒಂದೇ ಫೋನಿನಲ್ಲಿ ಮಾಲೀಕರನ್ನು ಮಣಿಸಿದ, ಸಮಸ್ತ ನಿಂತು ದುಡಿಯುವವರ ಮಂಡಿಗಳಿಗೆ ಅಭಯ ಕೊಟ್ಟ ಸ್ಟೂಲ್ ಸಿಂಹಾಸನಾಧೀಶ್ವರಿ ಹಮೀದಾ ಆಪಾ ಅವರಿಗೆ, ಬಸು ಎಂಬ ಹುಳುವಿನ ಕೊನೆಯ ವಿಜ್ಞಾಪನೆ.

ಜಹನಾರಾ ಅವರಿಗೆ ಇಲ್ಲಿಯವರೆಗೆ ಮಾತ್ರ ಓದಿ ತೋರಿಸಿ. ಮಿಕ್ಕದ್ದು ಬಸ್ಸಲ್ಲಿ ಒಬ್ಬರೇ ಓದಿಕೊಳ್ಳಿ.

ನಿನ್ನೆ ಸ್ಟೂಲ್ ಬಂದವು. ಕಿರಣಕುಮಾರರೇ ಆಟೋದಿಂದ ಇಳಿಸಿಕೊಂಡರು, ಶರ್ಟಿಗೆ ವಾರ್ನಿಷ್ ಮೆತ್ತಿಕೊಂಡಿತು. ಎಲ್ಲರೂ ಒಂದೊಂದು ಸಲ ಕೂತು ಎದ್ದು ನೋಡಿದರು, ಕಳ್ಳರ ಹಾಗೆ. ಅದೊಂದು ನಿಜ. ಅದನ್ನ ಗಟ್ಟಿಯಾಗಿ ಹಿಡ್ಕೊಳ್ಳಿ, ಮುಂದೆ ಇಳಿಜಾರು ಇದೆ.

ಬೋರ್ಡ್ ಎಷ್ಟು ಹೊತ್ತಿಗೆ ತಿರುಗಿತು ಅಂತ ಕೇಳಿದ್ರಿ. ದಿನಾ ಬಹಳ ಬೇಗ ತಿರುಗ್ತಿತ್ತು.

ಈರೇಶ ಹುಳಿ ಮುಖ ಮಾಡಿಕೊಂಡೇ ಕೂತಿದ್ದ. ಆದರೆ ಅವನ ಕೈ ಈರುಳ್ಳಿ ಸಿಪ್ಪೆ ಬಣ್ಣಕ್ಕೆ ಎರಡನೇ ಸಲ ಹೋಯಿತು. ನೀವು ಕಾಗದದಲ್ಲಿ ಬರೆದದ್ದು ಹಿಂದಿನ ದಿನವಷ್ಟೇ ಓದಿದ್ದೆ. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. "ಸುಜಾತಾ ಈ ಬಣ್ಣ ಉಟ್ಟರೆ ನಿನ್ನ ಕ್ಯಾಬಿಗೆ ಲೈಟೇ ಬೇಡ ಮಗಾ" ಅಂದುಬಿಟ್ಟೆ. ಪ್ಯಾಕ್ ಆಯ್ತು. ಕಿರಣಕುಮಾರ ಮುಖಕ್ಕೆ ಕೈ ಒತ್ತಿಕೊಂಡದ್ದು ನಿಜ. ಕೈಯಲ್ಲಿ ಈರೇಶನ ನೋಟಿತ್ತು, ಅದೊಂದು ಬರೀಲಿಲ್ಲ ನಾನು.

ಅಯ್ಯಮ್ಮನವರು "ಮಗಳನ್ನ ಕರ್ಕೊಂಡು ಬರ್ತೀನಪ್ಪ" ಅಂತ ಎದ್ದರು, ನೀವು ಹೇಳಿದ ಹಾಗೇ, ಎದೆಗೆ ಹೊಡೆಯೋ ಹಾಗೆ. ನಾನು "ಅಮ್ಮಾ, ಲೈನಿಂಗ್ ನೋಡ್ತೀರಾ?" ಅಂದೆ. ಅದೂ ನೀವು ಹೇಳಿದ್ದೇ. ಅವರು ನಿಂತರು. ಲೈನಿಂಗೂ ಹೋಯ್ತು, ಇಳಕಲ್ಲೂ ಹೋಯ್ತು. ಈಗ ವಠಾರದಲ್ಲಿ ಎಲ್ಲರೂ ನನ್ನನ್ನ ಕಂಡರೆ ಬಾಗಿಲು ಹಾಕ್ಕೊಳ್ತಾರೆ.

ನಿಮ್ಮ ಫೋನ್ ದಿನ ನಿಜವಾಗ್ಲೂ ಕೆಡಿಸಬೇಕು ಅಂತ ಆಣೆ ಇಟ್ಟುಕೊಂಡಿದ್ದೆ. ನೀವು ಬೀದರಿನಲ್ಲಿ ಕುರ್ಚಿ ಬಿಟ್ಟು ನಿಂತಿದ್ರಿ. ಹಲಸೂರಿಂದ ಒಬ್ಬ ಅಜ್ಜಿ ತಾವಾಗೇ ಬಂದರು, ತಮಿಳಲ್ಲಿ ಏನೋ ಕೇಳಿದರು. ನಾನು ಕೈ ಕಟ್ಟಿಕೊಂಡು ಮ್ಯಾನಿಕಿನ್ ಹಾಗೆ ನಿಂತೆ. ಉಸಿರು ಕೂಡ ಬಿಡಲಿಲ್ಲ. ಅಜ್ಜಿ ತಿರುಗಿ ಬಾಗಿಲ ತನಕ ಹೋದರು. ಇನ್ನು ಎರಡೇ ಹೆಜ್ಜೆ. ಆಪಾ, ಅವರ ಸೀರೆ ಅಂಚು ಬಿಟ್ಟುಹೋಗಿತ್ತು. "ಪಾಟಿ, ಫಾಲ್ ಹಾಕ್ಕೊಡ್ಲಾ?" ಅಂದೆ. ಯಾರೋ ನನ್ನೊಳಗಿಂದ ಅಂದ ಹಾಗಿತ್ತು. ಆ ಫಾಲ್ ದುಡ್ಡನ್ನ ಕತ್ತರಿಗೆ ಮುಟ್ಟಿಸ್ತಿರುವಾಗಲೇ ಕಿರಣಕುಮಾರರ ಫೋನ್ ಹೊಡೆದುಕೊಂಡಿತು. ನಿಮ್ಮದು.

ಅಂದರೆ ಅವರು ಸೋತು ಕರೆದದ್ದಲ್ಲ. ಇಂಥಾ ಬೋಣಿ ಅಂಗಡಿ ತೆಗೆದಾಗಿನಿಂದ ನೋಡಿಲ್ಲ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗ್ತಿದ್ದಾರೆ. "ಯಾರೋ ಕಲಿಸಿದ್ದು ಇದನ್ನೆಲ್ಲ?" ಅಂತ ಕೇಳಿದ್ದರು. ಹಮೀದಾ ಆಪಾ ಅಂದಿದ್ದೆ. ಆಗ ಅವರು ತಲೆ ತಗ್ಗಿಸಿದರು, ಅದನ್ನ ನೀವು ಕ್ಷಮೆ ಅಂತ ಜಮಾ ಮಾಡಿಕೊಳ್ಳಬಹುದು. ನಾನು ಮಾಡಿಕೊಂಡಿದೀನಿ.

ಇದನ್ನೆಲ್ಲ ಹೇಳದೇ ಇರೋಣ ಅಂತಲೇ ಇದ್ದೆ. ನೀವು ಗೆದ್ದ ಖುಷಿಯಲ್ಲಿ ಬರ್ತಿದ್ದಿರಿ, ನಾನು ಸೇನಾಪತಿಯಾಗೇ ಉಳೀತಿದ್ದೆ. ಆದರೆ ಸೋಮವಾರ ನೀವು ಮೆಟ್ಟಿಲು ಹತ್ತಿ ಬಂದರೆ ಎಡಗಡೆ ಗೋಡೆ ಮೇಲೆ ಒಂದು ಫೋಟೋ ಕಾಣುತ್ತೆ. 'ತಿಂಗಳ ಶ್ರೇಷ್ಠ ಮಾರಾಟಗಾರ' ಅಂತ ಬರೆಸಿದ್ದಾರೆ, ಅವರ ಆ ತೀರ್ಮಾನ ಇದೇ. ಅದರಲ್ಲಿ ನಾನಿದೀನಿ. ಫೋಟೋಗೋಸ್ಕರ ಗೋಡೌನಿಂದ ಸ್ಟೂಲ್ ತರಿಸಿದರು. ನಿಮ್ಮದೇ. ಕಾಲ ಮೇಲೆ ಕಾಲು ಹಾಕ್ಕೊಂಡು ಕೂತಿದೀನಿ, ಆಪಾ, ಮತ್ತೆ ಸ್ವಲ್ಪ ನಗ್ತಾನೂ ಇದೀನಿ.

ಬಸು